ಸಾಹುಕಾರ್ರು ಮೆಚ್ಚುವ ಎಕ್ಸೆಲ್

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವೇ ಜಾಸ್ತಿ. ರೈಸ್ ಮಿಲ್, ಜೀನ್ಸ್ ಯೂನಿಟ್, ಅಡತಿ ಅಂಗಡಿ, ಸರ್ಕಾರಿ ಕಚೇರಿ, ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ಮಾತು: ಎಕ್ಸೆಲ್‌ನಲ್ಲಿ ಏನಾದರೂ ಮಾಡಿ ತೋರಿಸಬೇಕು, ಮೇಲಿನವರು ಭಲೇ ಅನ್ನಬೇಕು. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿದ್ದಾರೆ, ಹಾಗಾಗಿ ಯಾರದ್ದೂ ಹಾಕಿಲ್ಲ. ಫಾರ್ಮುಲಾ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ.

ಪ್ರಶ್ನೆ: ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಬಿ.ಕಾಂ. ಆಗಿದೆ. ಬಿಲ್ಲೆಲ್ಲ ಟ್ಯಾಲಿಯಲ್ಲಿದೆ, ಎಕ್ಸೆಲ್ ಬರೀ ಕೂಡಿಸೋಕೆ. ಯೂಟ್ಯೂಬ್‌ನಲ್ಲಿ ವಿಲುಕಪ್, ಪಿವೋಟ್, ಮ್ಯಾಕ್ರೋ, ಡ್ಯಾಶ್‌ಬೋರ್ಡ್ ಅಂತ ನೂರೆಂಟು ಹೇಳ್ತಾರೆ. ಯಾವುದು ಮೊದಲು ಕಲಿತರೆ ನಮ್ಮ ಸಾಹುಕಾರ್ರು ಮೆಚ್ಚುತ್ತಾರೆ ಸರ್?

ಉತ್ತರ: ನಿಮ್ಮ ಸಾಹುಕಾರ್ರು ಬೆಳಿಗ್ಗೆ ಮಿಲ್‌ಗೆ ಬಂದು ಕೂತ ತಕ್ಷಣ ಏನು ಕೇಳ್ತಾರೆ, ಅದನ್ನು ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಿಲುಕಪ್ ಅಂತೂ ಕೇಳಲ್ಲ. "ಯಾರ್ಯಾರದು ಎಷ್ಟು ಬಾಕಿ ಐತಿ, ಹಳೇದು ಯಾವುದು?" ಅಂತ ಕೇಳ್ತಾರೆ. ಅಕ್ಕಿ ಲೋಡ್ ಹೋಗಿರುತ್ತೆ, ದುಡ್ಡು ಬಂದಿರಲ್ಲ. ಈ ಒಂದು ಪ್ರಶ್ನೆಗೆ ಅವರು ಕೇಳುವ ಮೊದಲೇ ಉತ್ತರ ಮೇಜಿನ ಮೇಲಿದ್ದರೆ ಸಾಕು, ಡ್ಯಾಶ್‌ಬೋರ್ಡ್ ಆಮೇಲೆ ನೋಡಿಕೊಳ್ಳೋಣ.

ಹೀಗೆ ಮಾಡಿ. ಟ್ಯಾಲಿಯಿಂದ ಬಾಕಿ ಬಿಲ್ಲುಗಳ ಪಟ್ಟಿಯನ್ನು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿ. ಮೇಲಿರುವ ಮಿಲ್ಲಿನ ಹೆಸರು, ವಿಳಾಸ, ಖಾಲಿ ಸಾಲುಗಳನ್ನೆಲ್ಲ ಅಳಿಸಿ. ಮೊದಲ ಸಾಲಿನಲ್ಲಿ ಶೀರ್ಷಿಕೆ, ಕೆಳಗೆ ಒಂದು ಬಿಲ್ಲಿಗೆ ಒಂದೇ ಸಾಲು. ಮರ್ಜ್ ಮಾಡಿದ ಸೆಲ್ ಒಂದೂ ಇರಬಾರದು. ಈಗ ಒಳಗೆ ಎಲ್ಲಾದರೂ ಕ್ಲಿಕ್ ಮಾಡಿ ಕಂಟ್ರೋಲ್ ಹಿಡಿದು ಟಿ ಒತ್ತಿ. ಇದಕ್ಕೆ ಟೇಬಲ್ ಅಂತಾರೆ, ನನ್ನ ಪ್ರಕಾರ ಎಕ್ಸೆಲ್‌ನಲ್ಲಿ ಅತಿ ಕಡಿಮೆ ಬಳಸುವ, ಅತಿ ಉಪಯೋಗದ ವಸ್ತು ಇದೇ. ನಾಳೆ ಕೆಳಗೆ ಹತ್ತು ಬಿಲ್ ಸೇರಿಸಿದರೆ ಲೆಕ್ಕವೂ ತಾನೇ ಹಿಗ್ಗುತ್ತೆ. ಇಲ್ಲದಿದ್ದರೆ ಕೂಡಿಸುವ ಸಾಲು ಮೇಲೇ ನಿಂತುಬಿಡುತ್ತೆ, ಹೊಸ ಬಿಲ್ಲು ಲೆಕ್ಕದಿಂದ ಹೊರಗೆ. ಇದು ನಮ್ಮ ನಿಮ್ಮ ಹಣೆಬರಹ ಮಾತ್ರ ಅಲ್ಲ. 2010ರಲ್ಲಿ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ದೇಶಗಳ ಸಾಲದ ಬಗ್ಗೆ ಬರೆದ ಪ್ರಬಂಧದಲ್ಲಿ ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. 2013ರಲ್ಲಿ ಒಬ್ಬ ವಿದ್ಯಾರ್ಥಿ ಅದನ್ನು ಹಿಡಿದ.

ಮುಂದಿನದು ದಿನಾಂಕ. ಇಲ್ಲೇ ಬಹಳ ಜನ ಮುಗ್ಗರಿಸೋದು. ಎಕ್ಸೆಲ್‌ಗೆ ದಿನಾಂಕ ಅಂದರೆ ಒಂದು ಸಂಖ್ಯೆ ಅಷ್ಟೇ, 2025ರ ಜನವರಿ 1 ಅದಕ್ಕೆ 45658. ಸರಿಯಾದ ದಿನಾಂಕ ಸೆಲ್‌ನ ಬಲಕ್ಕೆ ಅಂಟಿಕೊಂಡಿರುತ್ತೆ, ಬರೀ ಅಕ್ಷರವಾಗಿ ಕೂತಿದ್ದರೆ ಎಡಕ್ಕೆ. ನಿಮ್ಮ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಏಪ್ರಿಲ್ 5ಕ್ಕೆ 05-04 ಅಂತ ಬಂದದ್ದು ಸದ್ದಿಲ್ಲದೆ ಮೇ 4 ಆಗಿ ಕೂರುತ್ತೆ, ಏಪ್ರಿಲ್ 13ರದ್ದು ಮಾತ್ರ ಹದಿಮೂರನೇ ತಿಂಗಳು ಇಲ್ಲವಲ್ಲ ಅಂತ ಅಕ್ಷರವಾಗಿ ಎಡಕ್ಕೆ ಸರಿಯುತ್ತೆ. ಒಂದೇ ಕಾಲಂನಲ್ಲಿ ಅರ್ಧ ಎಡ, ಅರ್ಧ ಬಲ ಕಂಡರೆ ಇದೇ ರೋಗ ಅಂತ ತಿಳಿಯಿರಿ. ವಿಂಡೋಸ್‌ನ ರೀಜನ್ ಸೆಟ್ಟಿಂಗ್ ಇಂಗ್ಲಿಷ್ ಇಂಡಿಯಾ ಮಾಡಿ, ಮತ್ತೆ ಮೊದಲಿಂದ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಎಲ್ಲವೂ ಎಡಕ್ಕೇ ಇದ್ದರೆ ಸುಲಭ: ಕಾಲಂ ಆರಿಸಿ, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್, ಮೂರನೇ ಹಂತದಲ್ಲಿ ಡೇಟ್, ಡಿಎಂವೈ, ಫಿನಿಶ್.

ಇನ್ನೊಂದು ಕಾಲಂನಲ್ಲಿ =ಟುಡೇ()-ಬಿಲ್ ದಿನಾಂಕದ ಸೆಲ್. ಇಷ್ಟೇ, ಬಾಕಿ ಎಷ್ಟು ದಿನದ್ದು ಅಂತ ಬರುತ್ತೆ. 1900ನೇ ಇಸವಿಯ ಯಾವುದೋ ದಿನಾಂಕ ಕಂಡರೆ ಗಾಬರಿ ಬೇಡ, ಫಾರ್ಮ್ಯಾಟ್ ಅನ್ನು ನಂಬರ್ ಮಾಡಿ. ಆಮೇಲೆ ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡಿಸುವ ಸಮ್‌ಇಫ್ಸ್ ಹಾಕಿ ನಾಲ್ಕು ಗುಂಪು ಮಾಡಿ: 30 ದಿನದ ಒಳಗೆ, 31ರಿಂದ 60, 61ರಿಂದ 90, ಅದರ ಮೇಲೆ. 90 ದಾಟಿದ ಸಾಲುಗಳಿಗೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಕೆಂಪು. ಬರೀ ಕೆಂಪು, ಅಷ್ಟೇ. ಹೋಳಿ ಆಡಬೇಡಿ.

ಇನ್ನು ನಮ್ಮ ಸಾಹುಕಾರ್ರಿಗೆ 1,234,567 ಅಂತ ತೋರಿಸಿದರೆ ಮುಖ ಸಿಂಡರಿಸ್ತಾರೆ. ಲಕ್ಷ, ಕೋಟಿ ಲೆಕ್ಕದಲ್ಲಿ ಅಲ್ಪವಿರಾಮ ಬರಬೇಕು. ರೀಜನ್ ಇಂಡಿಯಾ ಮಾಡಿದಾಗ ಸಾಮಾನ್ಯವಾಗಿ ಸರಿಹೋಗುತ್ತೆ. ಹೋಗದಿದ್ದರೆ ಫಾರ್ಮ್ಯಾಟ್ ಸೆಲ್ಸ್, ಕಸ್ಟಮ್‌ಗೆ ಹೋಗಿ ಇದನ್ನು ಹಾಗೇ ಹಾಕಿ:

[>=10000000]##\,##\,##\,##0;[>=100000]##\,##\,##0;##,##0

12,34,567 ಅಂತ ಬರುತ್ತೆ. ಮೈನಸ್ ಮೊತ್ತಕ್ಕೆ ಮಾತ್ರ ಇದು ಕೆಲಸ ಮಾಡಲ್ಲ, ಅಲ್ಲಿ ಹಳೇ ರೀತಿಯೇ ಬರುತ್ತೆ.

ಭತ್ತ ಖರೀದಿ ಹಾಳೆಗೂ ಒಂದು ಮಾತು. ನಿಮ್ಮ ಕಡೆ ವ್ಯಾಪಾರ 75 ಕೆ.ಜಿ. ಚೀಲದ ಮೇಲೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಮೇಲೆ. ಚೀಲದ ದರವನ್ನು 0.75ರಿಂದ ಭಾಗಿಸುವ ಒಂದು ಕಾಲಂ ಪಕ್ಕದಲ್ಲೇ ಇರಲಿ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ, ಅಂದರೆ ಚೀಲಕ್ಕೆ 1,776 ರೂಪಾಯಿ 75 ಪೈಸೆ. ಫೋನಿನಲ್ಲಿ ದಲಾಲರ ಜೊತೆ ಮಾತಾಡುತ್ತಲೇ ಸಾಹುಕಾರ್ರು ಈ ಎರಡನ್ನೂ ಮನಸ್ಸಲ್ಲೇ ತೂಗ್ತಾ ಇರ್ತಾರೆ, ಹಾಳೆಯಲ್ಲಿ ಕಂಡರೆ ಖುಷಿಯಾಗುತ್ತೆ.

ಕೊನೆಗೆ, ಅವರು ಎಕ್ಸೆಲ್ ತೆರೆಯೋದೇ ಇಲ್ಲ, ವಾಟ್ಸಾಪ್ ತೆರೆಯುತ್ತಾರೆ. ಪೇಜ್ ಲೇಔಟ್‌ನಲ್ಲಿ ಅಗಲ ಒಂದು ಪುಟಕ್ಕೆ ಹೊಂದಿಸಿ, ಪ್ರಿಂಟ್ ಟೈಟಲ್ಸ್‌ನಲ್ಲಿ ಶೀರ್ಷಿಕೆ ಸಾಲು ಪ್ರತಿ ಪುಟಕ್ಕೂ ಬರುವ ಹಾಗೆ ಮಾಡಿ, ಪಿಡಿಎಫ್ ಮಾಡಿ ಕಳಿಸಿ. ಒಟ್ಟು ಮೊತ್ತ ಮೇಲೇ ಇರಲಿ. ಮೂರನೇ ಪುಟದ ಕೆಳಗಿನ ಮೊತ್ತ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಯಾರು ಯಾವ ಸೈಜಿನ ಎಷ್ಟು ಪೀಸ್ ಹೊಲಿದರು ಅಂತ ದಿನಾ ಬರೆದಿಡ್ತೀನಿ. ಶನಿವಾರ ಪೀಸ್ ರೇಟ್ ಮೇಲೆ ಬಟವಾಡೆ. ಕೂಡಿಸೋಕೆ ಶುಕ್ರವಾರ ರಾತ್ರಿ ಪೂರ್ತಿ ಹೋಗುತ್ತೆ. ಮಾಲೀಕರು ಮಧ್ಯದಲ್ಲಿ ಬಂದು 32 ಸೈಜ್ ಎಷ್ಟಾಯ್ತು ಅಂದರೆ ಮತ್ತೆ ಮೊದಲಿಂದ.

ಉತ್ತರ: ಅಕ್ಕಾ, ಉದ್ದದ ಪಟ್ಟಿಯನ್ನು ಗುಂಪು ಗುಂಪಾಗಿ ತಾನೇ ಕೂಡಿಸಿ ತೋರಿಸುವ ಪಿವೋಟ್ ಟೇಬಲ್ ಹುಟ್ಟಿದ್ದೇ ನಿಮಗಾಗಿ ಅನ್ನಬಹುದು. ದಿನದ ಹಾಳೆಯಲ್ಲಿ ಐದೇ ಕಾಲಂ ಸಾಕು: ದಿನಾಂಕ, ಹೊಲಿದವರು, ಸೈಜ್, ಪೀಸ್, ರೇಟ್. ಆರನೆಯದು ಪೀಸ್ ಗುಣಿಸು ರೇಟ್. ಈಗ ಬಹುಶಃ 28, 30, 32, 34 ಅಂತ ಸೈಜ್‌ಗೊಂದು ಕಾಲಂ ಮಾಡಿ ಅಡ್ಡಕ್ಕೆ ಬರೀತಿದ್ದೀರಿ. ಅದನ್ನು ಬಿಟ್ಟು ಕೆಳಮುಖವಾಗಿ ಬರೆಯಿರಿ. ಸಾಲು ಜಾಸ್ತಿ ಆಗುತ್ತೆ, ಆಗಲಿ, ಎಕ್ಸೆಲ್‌ನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಸಾಲುಗಳಿವೆ.

ಮೇಲೆ ಹೇಳಿದ ಹಾಗೆ ಕಂಟ್ರೋಲ್ ಹಿಡಿದು ಟಿ ಒತ್ತಿ ಟೇಬಲ್ ಮಾಡಿಕೊಳ್ಳಿ. ಆಮೇಲೆ ಇನ್ಸರ್ಟ್, ಪಿವೋಟ್ ಟೇಬಲ್. ಬಲಗಡೆ ಬರುವ ಪಟ್ಟಿಯಿಂದ ಹೊಲಿದವರ ಹೆಸರನ್ನು ರೋಸ್‌ಗೆ, ಸೈಜನ್ನು ಕಾಲಮ್ಸ್‌ಗೆ, ಪೀಸನ್ನು ವ್ಯಾಲ್ಯೂಸ್‌ಗೆ ಎಳೆಯಿರಿ. ಮುಗೀತು. ಬಟವಾಡೆಗೆ ಪೀಸ್ ತೆಗೆದು ಮೊತ್ತದ ಕಾಲಂ ಎಳೆಯಿರಿ. ಮೊತ್ತದ ಬದಲು 6, 7 ಅಂತ ಸಣ್ಣ ಸಂಖ್ಯೆ ಬಂದರೆ ಅದು ಕೂಡಿಸ್ತಿಲ್ಲ, ಎಣಿಸ್ತಿದೆ ಅಂತ ಅರ್ಥ. ಎಲ್ಲೋ ಒಂದು ಸೆಲ್ ಖಾಲಿ ಇದೆ ಅಥವಾ "12 ಪೀಸ್" ಅಂತ ಅಕ್ಷರ ಸೇರಿಸಿ ಬರೆದಿದ್ದೀರಿ. ಹೊಸ ದಿನದ ಲೆಕ್ಕ ಸೇರಿಸಿದ ಮೇಲೆ ಬಲ ಕ್ಲಿಕ್ ಮಾಡಿ ರಿಫ್ರೆಶ್ ಕೊಡಬೇಕು, ಪಿವೋಟ್ ಸಾಮಾನ್ಯವಾಗಿ ತಾನಾಗಿ ಬದಲಾಗಲ್ಲ. ಇದು ಮರೆತು ಶನಿವಾರ ಬಟವಾಡೆ ಮಾಡಿದರೆ ಜಗಳ ಗ್ಯಾರಂಟಿ.

ಮಾಲೀಕರು ಬಂದಾಗ ತೋರಿಸೋಕೆ ಒಂದಿದೆ. "ಇವನು 32 ಸೈಜ್ ಇಷ್ಟೊಂದು ಹೊಲಿದನಾ? ಸುಳ್ಳು!" ಅಂತ ಅವರು ಅಂದಾಗ ಮಾತಾಡಬೇಡಿ, ಆ ಸಂಖ್ಯೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಹೊಸ ಹಾಳೆ ತೆರೆದು, ಆ ಸಂಖ್ಯೆ ಯಾವ ಯಾವ ದಿನದ ಯಾವ ಸಾಲುಗಳಿಂದ ಬಂತು ಅಂತ ಪೂರ್ತಿ ಪಟ್ಟಿ ಬರುತ್ತೆ. ಚಾರ್ಟು, ಬಣ್ಣ ಯಾವುದೂ ಇದರ ಮುಂದೆ ನಿಲ್ಲಲ್ಲ, ಯಾಕಂದ್ರೆ ಲೆಕ್ಕದ ಮೇಲೆ ನಂಬಿಕೆ ಬರೋದು ಅಲ್ಲಿ. ನೋಡಿದ ಮೇಲೆ ಆ ಹಾಳೆ ಅಳಿಸಿಬಿಡಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಹಾಳೆಗಳದ್ದೇ ಸಂತೆ.

ಪ್ರಶ್ನೆ: ಕೊಪ್ಪಳದ ಒಂದು ಜಿಲ್ಲಾ ಮಟ್ಟದ ಕಚೇರಿಯಲ್ಲಿ ಹೊರಗುತ್ತಿಗೆ ಮೇಲೆ ಡೇಟಾ ಎಂಟ್ರಿ ಮಾಡ್ತೀನಿ. ಪ್ರತಿ ವಾರ ಏಳು ತಾಲ್ಲೂಕುಗಳಿಂದ ಏಳು ಫೈಲ್ ಬರುತ್ತವೆ. ಒಂದು ಫೈಲ್ ನುಡಿ ಸಾಫ್ಟ್‌ವೇರ್‌ನ ಫಾಂಟ್‌ನಲ್ಲಿ, ಒಂದು ಯೂನಿಕೋಡ್‌ನಲ್ಲಿ. ಎಲ್ಲ ಕಾಪಿ ಪೇಸ್ಟ್ ಮಾಡಿ ಒಂದು ಮಾಡುವಷ್ಟರಲ್ಲಿ ಸಾಹೇಬ್ರ ಮೀಟಿಂಗ್ ಶುರು ಆಗಿರುತ್ತೆ.

ಉತ್ತರ: ನಿಮ್ಮದು ಎರಡು ಬೇರೆ ಬೇರೆ ತೊಂದರೆ, ಮೊದಲು ಅಕ್ಷರದ್ದು ನೋಡೋಣ. ನುಡಿಯ ಹಳೇ ರೀತಿಯಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಮಾತ್ರ ಕನ್ನಡ. ಫಾಂಟ್ ಅನ್ನು ಏರಿಯಲ್‌ಗೆ ಬದಲಿಸಿ ನೋಡಿ, ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತೆ. ಯೂನಿಕೋಡ್ ಅಂದ್ರೆ ಎಲ್ಲ ಕಂಪ್ಯೂಟರ್‌ಗಳೂ ಕನ್ನಡ ಅಂತಲೇ ಗುರುತಿಸುವ ಸಂಕೇತ. ಹಾಗಾಗಿ ಆ "ಕುಷ್ಟಗಿ"ಯೂ ಯೂನಿಕೋಡ್‌ನ "ಕುಷ್ಟಗಿ"ಯೂ ಎಕ್ಸೆಲ್‌ಗೆ ಸಂಬಂಧವೇ ಇಲ್ಲದ ಎರಡು ಪದ. ಫಿಲ್ಟರ್ ಆಗಲ್ಲ, ಲುಕಪ್ ಸಿಗಲ್ಲ. ನುಡಿಯ ಜೊತೆಗೇ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಬರುತ್ತೆ, ಅದರಲ್ಲಿ ಬದಲಿಸಿಕೊಳ್ಳಿ. ಇನ್ನು ಯೂನಿಕೋಡ್‌ನಲ್ಲೇ ಬರೆದರೂ ಒಬ್ಬರು ಯಲಬುರ್ಗಾ, ಇನ್ನೊಬ್ಬರು ಯಲಬುರ್ಗ, ಮತ್ತೊಬ್ಬರು ಯಲಬುರಗಾ. ಡೇಟಾ ವ್ಯಾಲಿಡೇಶನ್‌ನಲ್ಲಿ ಲಿಸ್ಟ್ ಆರಿಸಿ ಏಳು ತಾಲ್ಲೂಕಿನ ಹೆಸರು ಹಾಕಿ, ಒಂದು ಖಾಲಿ ನಮೂನೆ ತಯಾರು ಮಾಡಿ ಏಳೂ ಕಡೆ ಕಳಿಸಿ. ಆಮೇಲೆ ಅಲ್ಲಿ ಯಾರೂ ಹೆಸರು ಟೈಪ್ ಮಾಡಲ್ಲ, ಪಟ್ಟಿಯಿಂದ ಆರಿಸ್ತಾರೆ.

ಈಗ ಏಳನ್ನೂ ಒಂದು ಮಾಡೋದು. ಎಕ್ಸೆಲ್ 2016 ಅಥವಾ ಅದರ ಮೇಲಿನದ್ದಿದ್ದರೆ ಬೇರೆ ಬೇರೆ ಫೈಲ್‌ಗಳನ್ನು ಜೋಡಿಸುವ ಪವರ್ ಕ್ವೆರಿ ಅನ್ನೋ ಸಾಧನ ಅದರೊಳಗೇ ಇದೆ. ಏಳೂ ಫೈಲ್‌ಗಳನ್ನು ಒಂದು ಫೋಲ್ಡರ್‌ಗೆ ಹಾಕಿ. ಡೇಟಾ, ಗೆಟ್ ಡೇಟಾ, ಫ್ರಮ್ ಫೈಲ್, ಫ್ರಮ್ ಫೋಲ್ಡರ್. ಫೋಲ್ಡರ್ ತೋರಿಸಿ ಕಂಬೈನ್ ಕೊಡಿ. ಏಳೂ ಒಂದರ ಕೆಳಗೊಂದು ಬಂದು ಕೂರುತ್ತವೆ, ಯಾವ ಸಾಲು ಯಾವ ಫೈಲ್‌ನದ್ದು ಅಂತಲೂ ಒಂದು ಕಾಲಂ ಬರುತ್ತೆ. ಮುಂದಿನ ವಾರ ಹಳೇ ಫೈಲ್ ತೆಗೆದು ಹೊಸದನ್ನು ಹಾಕಿ ರಿಫ್ರೆಶ್ ಆಲ್ ಒತ್ತಿದರೆ ಆಯ್ತು. ಎರಡು ಎಚ್ಚರಿಕೆ: ಏಳರಲ್ಲೂ ಹಾಳೆಯ ಹೆಸರು, ಕಾಲಂ ಶೀರ್ಷಿಕೆ ಒಂದೇ ಇರಬೇಕು. ಮತ್ತೆ ಪ್ರತಿ ತಾಲ್ಲೂಕಿನವರೂ ಕೊನೆಗೆ "ಒಟ್ಟು" ಅಂತ ಒಂದು ಸಾಲು ಹಾಕಿರ್ತಾರೆ, ಅದನ್ನು ಪವರ್ ಕ್ವೆರಿಯಲ್ಲೇ ಫಿಲ್ಟರ್ ಮಾಡಿ ತೆಗೆಯದಿದ್ದರೆ ಜಿಲ್ಲೆಯ ಅಂಕಿ ಸರಿಯಾಗಿ ದುಪ್ಪಟ್ಟಾಗುತ್ತೆ. ಸಾಹೇಬ್ರು ಮೊದಲು ಖುಷಿಪಟ್ಟು ಆಮೇಲೆ ಬೈತಾರೆ.

ವೆಬ್‌ಸೈಟ್‌ನಿಂದ ಇಳಿಸಿದ ಸಿಎಸ್‌ವಿ ತೆರೆದಾಗ ಕನ್ನಡ ಕೆಟ್ಟು ಕಾಣ್ತಿದ್ದರೆ ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ, ಅಲ್ಲಿ 65001 ಯುಟಿಎಫ್-8 ಆರಿಸಿ.

ಪ್ರಶ್ನೆ: ಸಂಡೂರು ಕಡೆ ಅದಿರು ಲಾರಿಗಳ ಟ್ರಾನ್ಸ್‌ಪೋರ್ಟ್ ಆಫೀಸ್. ಲಾರಿ ನಂಬರ್ ಹಾಕಿದರೆ ಮಾಲೀಕರ ಹೆಸರು, ಬಾಡಿಗೆ ದರ ಬರಲಿ ಅಂತ ವಿಲುಕಪ್ ಹಾಕಿದ್ದೇನೆ. ಅರ್ಧಕ್ಕೆ ಎನ್‌ಎ ಅಂತ ಬರುತ್ತೆ, ಕೆಲವಕ್ಕೆ ಬೇರೆಯವರ ದರವೇ ಬರುತ್ತೆ.

ಉತ್ತರ: ಎನ್‌ಎ ಬಂದಿದ್ದು ಪುಣ್ಯ, ಬೇರೆಯವರ ದರ ಬರೋದೇ ಅಪಾಯ. ವಿಲುಕಪ್‌ನ ಕೊನೆಗೆ ಫಾಲ್ಸ್ ಅಥವಾ 0 ಹಾಕದೆ ಬಿಟ್ಟರೆ ಅದು ಹತ್ತಿರದ್ದನ್ನು ಹುಡುಕುತ್ತೆ, ಪಟ್ಟಿ ಅನುಕ್ರಮದಲ್ಲಿಲ್ಲದಿದ್ದರೆ ಏನೋ ಒಂದು ತಂದು ಕೊಡುತ್ತೆ, ತಪ್ಪು ಅಂತ ಹೇಳೋದೂ ಇಲ್ಲ. ಇವತ್ತೇ ಸರಿಮಾಡಿ. ಎಕ್ಸೆಲ್ 2021 ಅಥವಾ 365 ಇದ್ದರೆ ಎಕ್ಸ್‌ಲುಕಪ್‌ಗೆ ಬನ್ನಿ, ಅದು ತಾನಾಗಿ ಸರಿಯಾದದ್ದನ್ನೇ ಹುಡುಕುತ್ತೆ, ಎಡಗಡೆಯ ಕಾಲಂ ಕೂಡ ತರುತ್ತೆ. ಹಳೇದಿದ್ದರೆ ಇಂಡೆಕ್ಸ್ ಮತ್ತು ಮ್ಯಾಚ್ ಜೋಡಿ. ಗೂಗಲ್ ಶೀಟ್ಸ್‌ನಲ್ಲೂ ಎಕ್ಸ್‌ಲುಕಪ್ ಇದೆ, ಅದು ಪುಕ್ಕಟೆ.

ಎನ್‌ಎ ಯಾಕೆ ಅಂದ್ರೆ ಲಾರಿ ತೂಗುವ ಕಾಟಾದವನು ಕೆಎ ಆದ ಮೇಲೆ ಜಾಗ ಬಿಟ್ಟು 35 ಬರೀತಾನೆ, ನಿಮ್ಮ ಪಟ್ಟಿಯಲ್ಲಿ ಕೂಡಿಸಿ ಬರೆದಿದ್ದೀರಿ. ಇನ್ನೊಬ್ಬ ಮಧ್ಯೆ ಅಡ್ಡಗೆರೆ ಹಾಕ್ತಾನೆ. ಸೊನ್ನೆ ಬದಲು ಇಂಗ್ಲಿಷ್ ಓ ಒತ್ತುವವರೂ ಇದ್ದಾರೆ. ಸಬ್‌ಸ್ಟಿಟ್ಯೂಟ್ ಫಾರ್ಮುಲಾದಿಂದ ಜಾಗವನ್ನೂ ಅಡ್ಡಗೆರೆಯನ್ನೂ ತೆಗೆದು, ಎರಡೂ ಕಡೆ ಒಂದೇ ರೂಪಕ್ಕೆ ತಂದು ಆಮೇಲೆ ಹುಡುಕಿ. ಇಫ್‌ಎರರ್ ಹಾಕಿ ಎನ್‌ಎ ಜಾಗದಲ್ಲಿ 0 ತೋರಿಸುವ ಚಾಳಿ ಮಾತ್ರ ಬೇಡ, ಆ ಲಾರಿಯವರಿಗೆ ಬಾಡಿಗೆಯೂ ಸೊನ್ನೆಯೇ ಆಗುತ್ತೆ. "ಪಟ್ಟಿಯಲ್ಲಿಲ್ಲ" ಅಂತ ತೋರಿಸಲಿ.

ನಿಮ್ಮ ಬಾಸ್‌ಗೆ ಇಷ್ಟವಾಗುವ ಇನ್ನೊಂದು ಹೇಳ್ತೀನಿ. ಒಂದೇ ಲಾರಿಯ ಖಾಲಿ ತೂಕ ಪ್ರತಿ ಟ್ರಿಪ್‌ಗೂ ಹೆಚ್ಚುಕಡಿಮೆ ಒಂದೇ ಇರಬೇಕು ಅಲ್ವಾ? ಎವರೇಜ್‌ಇಫ್ಸ್‌ನಿಂದ ಪ್ರತಿ ಲಾರಿಯ ಖಾಲಿ ತೂಕದ ಸರಾಸರಿ ತೆಗೆದು, ಅದಕ್ಕಿಂತ ಅರ್ಧ ಟನ್ ಆಚೀಚೆ ಇರುವ ಟ್ರಿಪ್‌ಗಳಿಗೆ ಬಣ್ಣ ಬರುವ ಹಾಗೆ ಮಾಡಿ. ಡೀಸೆಲ್, ಕ್ಲೀನರ್ ಅಂತ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ, ಅದಕ್ಕೆ ಅರ್ಧ ಟನ್ ಅಂದಿದ್ದು. ಬಣ್ಣ ಬಂದ ಕೂಡಲೇ ಕಳ್ಳತನ ಅಂತ ಕೂಗಬೇಡಿ. ಮೊದಲು ಕಾಟಾ ಚೀಟಿ ತೆಗೆದು ನೋಡಿ, ಎಂಟ್ರಿ ತಪ್ಪೇ ಇರಬಹುದು.

ಪ್ರಶ್ನೆ: ರಾಯಚೂರು ಎಪಿಎಂಸಿಯಲ್ಲಿ ಹತ್ತಿ ಅಡತಿ ಅಂಗಡಿಯ ಗುಮಾಸ್ತ ನಾನು. ಕೈಬರಹದ ರೋಜ್‌ಮೇಳು ಬರೆದು ರೂಢಿ. ಈಗ ಸಾಹುಕಾರ್ರ ಮಗ ಲ್ಯಾಪ್‌ಟಾಪ್ ತಂದಿಟ್ಟಿದ್ದಾನೆ. ರೈತರ ಬ್ಯಾಂಕ್ ಖಾತೆ ನಂಬರ್ ಹಾಕಿದರೆ ಕೊನೇ ಅಂಕಿ ತಾನಾಗಿ ಸೊನ್ನೆ ಆಗ್ತಿದೆ!

ಉತ್ತರ: ನಿಮ್ಮ ತಪ್ಪಲ್ಲ ಯಜಮಾನ್ರೇ. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನೆನಪಿಡುತ್ತೆ, 16ನೆಯದರಿಂದ ಸೊನ್ನೆ ಮಾಡುತ್ತೆ. ಮುಂದೆ ಇರುವ ಸೊನ್ನೆಗಳನ್ನೂ ನುಂಗುತ್ತೆ. ಬರೆಯುವ ಮೊದಲೇ ಆ ಕಾಲಂ ಪೂರ್ತಿ ಆರಿಸಿ ಫಾರ್ಮ್ಯಾಟ್ ಅನ್ನು ಟೆಕ್ಸ್ಟ್ ಮಾಡಿ. ಈಗಾಗಲೇ ಹೋದ ಅಂಕಿ ವಾಪಸ್ ಬರಲ್ಲ, ಪಾಸ್‌ಬುಕ್ ನೋಡಿ ಮತ್ತೆ ಹಾಕಬೇಕು, ದುಡ್ಡು ಹಾಕುವ ಮುಂಚೆ. ರೋಜ್‌ಮೇಳು ಬರೆದವರಿಗೆ ಎಕ್ಸೆಲ್ ಕಷ್ಟವಲ್ಲ, ದಿನಕ್ಕೆ ದಿನ, ಸಾಲಿಗೆ ಸಾಲು ಬರೆಯುವ ಶಿಸ್ತು ನಿಮಗೆ ಆಗಲೇ ಇದೆ. ಆ ಹುಡುಗನಿಗೆ ಇಲ್ಲದೆ ಇರೋದು ಅದೇ.

ಪ್ರಶ್ನೆ: ಸಿಂಧನೂರಿನ ಗೊಬ್ಬರದ ಅಂಗಡಿ. ಚಾರ್ಟ್ ಹಾಕಿ ತೋರಿಸಬೇಕು ಅಂತ ಆಸೆ. ತುಂಗಭದ್ರಾ ಡ್ಯಾಂ ನೀರಿನ ಮಟ್ಟದ ಗೆರೆ ಹಾಕಿದರೆ ಸಪಾಟಾಗಿ ಮಲಗಿಬಿಡುತ್ತೆ.

ಉತ್ತರ: ಡ್ಯಾಂ ಪೂರ್ತಿ ಮಟ್ಟ 1,633 ಅಡಿ, ಸಮುದ್ರಮಟ್ಟದಿಂದ ಲೆಕ್ಕ. ನಿಮ್ಮ ಚಾರ್ಟ್ ಸೊನ್ನೆಯಿಂದ ಶುರುವಾದರೆ ಹತ್ತು ಅಡಿ ಏರಿದ್ದು ಕಣ್ಣಿಗೆ ಕಾಣೋದೇ ಇಲ್ಲ. ಎಡಗಡೆಯ ಅಂಕಿಗಳ ಮೇಲೆ ಬಲ ಕ್ಲಿಕ್, ಫಾರ್ಮ್ಯಾಟ್ ಆಕ್ಸಿಸ್, ಮಿನಿಮಮ್ ಅನ್ನು ನಿಮ್ಮ ಪಟ್ಟಿಯ ಅತಿ ಕಡಿಮೆ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಡಿ. ಕೆಳಗೆ ಅದೇ ತಿಂಗಳುಗಳ ಯೂರಿಯಾ, ಡಿಎಪಿ ಮಾರಾಟದ ಕಂಬಗಳನ್ನು ಹಾಕಿ, ಅವು ಮಾತ್ರ ಸೊನ್ನೆಯಿಂದಲೇ ಶುರುವಾಗಲಿ. ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಎಷ್ಟು ದಿನಕ್ಕೆ ಮಾರಾಟ ಏರುತ್ತೆ ಅಂತ ಕಂಡರೆ, ಸ್ಟಾಕ್ ಯಾವಾಗ ತರಿಸಬೇಕು ಅನ್ನೋ ಮಾತು ಬರುತ್ತೆ. ಪೈ ಚಾರ್ಟ್ ಬೇಡ. ಹತ್ತು ತುಂಡಿನ ಪೈ ನೋಡಿ ಯಾವುದು ದೊಡ್ಡದು ಅಂತ ಹೇಳಿದವರನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ಚಾಟ್‌ಜಿಪಿಟಿಗೆ ಕೇಳಿದರೆ ಫಾರ್ಮುಲಾ ಬರೆದುಕೊಡುತ್ತಲ್ಲ, ಕಲಿಯೋದ್ಯಾಕೆ?

ಉತ್ತರ: ಕೇಳಿ, ತಪ್ಪೇನಿಲ್ಲ. ಬಂದದ್ದನ್ನು ಹತ್ತು ಸಾಲಿನ ಮೇಲೆ ಹಾಕಿ, ಕ್ಯಾಲ್ಕುಲೇಟರ್‌ನಲ್ಲಿ ತಾಳೆ ನೋಡಿ, ಆಮೇಲೆ ಪೂರ್ತಿ ಹಾಕಿ. ಸಾಹುಕಾರ್ರ ಖಾತೆ ಪುಸ್ತಕವನ್ನೇ ಅಲ್ಲಿಗೆ ಅಪ್‌ಲೋಡ್ ಮಾಡಬೇಡಿ. ಕಾಲಂ ಹೆಸರು ಹೇಳಿದರೆ ಸಾಕು.

ಪ್ರಶ್ನೆ: ಕೊಪ್ಪಳದ ಹತ್ತಿರ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿದ್ದೇನೆ. ನಾನು ಮಾಡಿದ ಶೀಟನ್ನು ಮ್ಯಾನೇಜರ್ ತಮ್ಮದು ಅಂತ ದೊಡ್ಡವರಿಗೆ ತೋರಿಸ್ತಾರೆ. ಪಾಸ್‌ವರ್ಡ್ ಹಾಕಿಬಿಡಲಾ?

ಉತ್ತರ: ಬೇಡ. ಶೀಟ್ ಪ್ರೊಟೆಕ್ಟ್ ಮಾಡುವ ಪಾಸ್‌ವರ್ಡ್ ಬೀಗವೇ ಅಲ್ಲ, ಬಿಚ್ಚುವ ದಾರಿ ಗೂಗಲ್‌ನಲ್ಲೇ ಸಿಗುತ್ತೆ, ಮತ್ತೆ ನೀವು ರಜೆ ಹಾಕಿದ ದಿನ ಸ್ಟೋರ್ಸ್ ನಿಂತರೆ ಬೈಗುಳ ಮಾತ್ರ ನಿಮ್ಮ ಹೆಸರಿಗೇ ಬರುತ್ತೆ. ಮೊದಲ ಹಾಳೆಯಲ್ಲಿ "ತಯಾರಿಸಿದವರು", ದಿನಾಂಕ, ಯಾವ ಕಾಲಂ ಏನು ಅಂತ ನಾಲ್ಕು ಸಾಲು ಬರೆಯಿರಿ, ಯಾರೂ ಅದಕ್ಕೆ ತಕರಾರು ತೆಗೆಯಲ್ಲ. ದೊಡ್ಡವರು ಮುಂದಿನ ಸಲ "ಇದನ್ನು ಬೇರಿಂಗ್‌ಗಳಿಗೆ ಮಾತ್ರ ಬೇರೆ ಮಾಡಿ ತೋರಿಸಿ" ಅಂದಾಗ ಮ್ಯಾನೇಜರ್ ನಿಮ್ಮ ಕಡೆಗೇ ತಿರುಗಬೇಕಾಗುತ್ತೆ. ಆಗ ಕುರ್ಚಿ ಎಳೆದುಕೊಂಡು ಅಲ್ಲೇ ಕೂತು, ಫಿಲ್ಟರ್ ಹಾಕಿ, ಕೇಳಿದ್ದನ್ನು ತೋರಿಸಿ.